ದಾದಿಯರ ಕೊರತೆಯೂ ದಾದಿಯರ ನಿರುದ್ಯೋಗವೂ: ಒಂದು ಹಿನ್ನೋಟ

ಮೇ ಜೂನ್ ತಿಂಗಳು ಬಂತೆಂದರೆ ನಮ್ಮ ಬಳಗದ ಕುಟುಂಬಗಳಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಕೇಳಿಬರುತ್ತವೆ. ಹನ್ನೆರಡನೆಯ ತರಗತಿ ಮುಗಿಸಿದ ಮಗಳನ್ನು ನರ್ಸಿಂಗಿಗೆ ಹಾಕಬಹುದೇ, ಹಾಕಿದರೆ ಕೆಲಸ ಖಾತ್ರಿಯೇ ಎಂಬುದು ಮೊದಲನೆಯದು. ಎರಡನೆಯದು ತುಸು ಅಳುಕಿನಿಂದ, ದನಿ ತಗ್ಗಿಸಿ ಕೇಳುವಂಥದು: ಮಕ್ಕಳು ದೊಡ್ಡವರಾದರು, ಯಜಮಾನರ ಕೆಲಸ ಹೋಯಿತು, ಇಲ್ಲವೆ ಯಜಮಾನರೇ ಹೋದರು, ಮೂವತ್ತೆಂಟು ನಲವತ್ತರ ವಯಸ್ಸಿನಲ್ಲಿ ಆಸ್ಪತ್ರೆಯ ಕೆಲಸ ಕಲಿಯಲು ಬಂದೀತೇ?

ಉತ್ತರ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. 'ದೇಶಕ್ಕೆ ದೇಶವೇ ದಾದಿಯರಿಲ್ಲದೆ ಒದ್ದಾಡುತ್ತಿದೆ, ಕೆಲಸಕ್ಕೇನು ಚಿಂತೆ' ಎನ್ನುತ್ತಾರೆ ಒಬ್ಬರು. 'ಪಾಸಾದ ಹುಡುಗಿಯರು ಅಡಿಗೆಯವರಿಗಿಂತ ಕಡಿಮೆ ಪಗಾರಕ್ಕೆ ರಾತ್ರಿ ಪಾಳಿ ಮಾಡುತ್ತಿದ್ದಾರೆ' ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ ಎಂಬುದೇ ತೊಡಕು. ಕೊರತೆಯೂ ನಿರುದ್ಯೋಗವೂ ಒಂದೇ ಸೂರಿನಡಿ ಹೇಗೆ ಬಾಳುತ್ತವೆ? ಇದು ಇಂದು ನಿನ್ನೆ ಹುಟ್ಟಿದ ವಿಚಿತ್ರವಲ್ಲ. ಈ ವೃತ್ತಿ ನಮ್ಮ ದೇಶದಲ್ಲಿ ಹುಟ್ಟಿದ ಬಗೆಯಲ್ಲಿಯೇ ಅದರ ಬೇರು ಇದೆ ಎಂದು ನಮಗೆ ತೋರುತ್ತದೆ.

ಮೊದಲಿಗೆ ವಯಸ್ಸಿನ ವಿಚಾರ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನಲ್ಲಿ ದಾದಿಯರ ಶಾಲೆ ತೆರೆಯಿತಷ್ಟೆ. ಅಲ್ಲಿಗೆ ಸೇರುವವರ ವಯಸ್ಸು 25ರಿಂದ 35 ಇರುವುದು ಮೇಲು ಎಂದು ಆ ಶಾಲೆಯ ನಿಯಮ ಹೇಳುತ್ತಿತ್ತು. ಹದಿನೇಳರ ಹುಡುಗಿ ಅಂದಿನವರ ಕಣ್ಣಿಗೆ ಈ ಕೆಲಸಕ್ಕೆ ಎಳಸು. ರೋಗಿಯ ನರಳಾಟ, ಸಾವು, ಮನೆಯವರ ಗೋಳು ಇವನ್ನೆಲ್ಲ ತಾಳಿಕೊಳ್ಳಲು ಬದುಕನ್ನು ಸ್ವಲ್ಪ ಕಂಡವಳು ಬೇಕು ಎಂಬುದು ಅವರ ಎಣಿಕೆ. ಇಂದು ನಮ್ಮಲ್ಲಿ 17ಕ್ಕೆ ಬಾಗಿಲು ತೆರೆದು 35ಕ್ಕೆ ಮುಚ್ಚುತ್ತದೆ. ಅಂದು ಬೇಕೆಂದು ಹುಡುಕುತ್ತಿದ್ದ ಹೆಂಗಸು ಇಂದು ವಯಸ್ಸು ಮೀರಿದವಳಾಗುವ ಅಂಚಿನಲ್ಲಿದ್ದಾಳೆ. ಈ ಮಾತನ್ನು ಮುಂದೆ ಇನ್ನಷ್ಟು ನೋಡೋಣ.

ಭಾರತದಲ್ಲಿ ಪಾಶ್ಚಾತ್ಯ ಮಾದರಿಯ ಆಸ್ಪತ್ರೆಗಳು ಬಂದದ್ದು ಸೈನಿಕರಿಗಾಗಿ. 1664ರಷ್ಟು ಹಿಂದೆಯೇ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪೆನಿಯವರು ತಮ್ಮ ಸಿಪಾಯಿಗಳಿಗೆ ಆಸ್ಪತ್ರೆ ಮಾಡಿಕೊಂಡಿದ್ದರು. ಅಲ್ಲಿಂದ ಇನ್ನೂರು ವರ್ಷ ಕಳೆದರೂ ಕಲಿತ ದಾದಿ ಎಂಬ ವರ್ಗ ಇಲ್ಲಿ ಇರಲಿಲ್ಲ. 1888ರಲ್ಲಿ ಕ್ಯಾಥರೀನ್ ಲಾಕ್ ಎಂಬಾಕೆಯ ಮುಂದಾಳುತನದಲ್ಲಿ ಒಂದು ಸಣ್ಣ ತಂಡ ಇಂಗ್ಲೆಂಡಿನಿಂದ ಮುಂಬಯಿಯ ಬಂದರಿಗೆ ಬಂದಿಳಿದು ಸೈನ್ಯದ ಆಸ್ಪತ್ರೆಗಳ ಹೊಣೆ ಹೊತ್ತಿತು. ಊರಿನ ಹೆಂಗಸರ ಪಾಲಿಗೆ ಬೇರೆಯೇ ದಾರಿ ತೆರೆಯಬೇಕಾಯಿತು. ಗಂಡು ವೈದ್ಯರಿಗೆ ಮೈತೋರಿಸದೆ ಹೆರಿಗೆಯಲ್ಲಿ ಸಾಯುತ್ತಿದ್ದ ಹೆಂಗಸರಿಗಾಗಿ 1885ರಲ್ಲಿ ಲೇಡಿ ಡಫರಿನ್ ನಿಧಿ ಹುಟ್ಟಿತು. ಮರುವರ್ಷ ಪಾರ್ಸಿ ದಾನಿ ಪೆಸ್ತನಜಿ ಹೋರ್ಮಸಜಿ ಕಾಮಾ ಅವರ ಹಣದಿಂದ ನಮ್ಮ ಮುಂಬಯಿಯಲ್ಲೇ ಕಾಮಾ ಆಸ್ಪತ್ರೆ ತೆರೆಯಿತು. ಅಲ್ಲಿ ವೈದ್ಯರೂ ಹೆಂಗಸರೇ. ಬೋರಿಬಂದರಿನಿಂದ ಇಳಿದು ಕಚೇರಿಗೆ ನಡೆಯುವ ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಅದರ ಗೋಡೆಯ ಪಕ್ಕದಲ್ಲೇ ಹಾಯುತ್ತೇವೆ. ಭಾರತೀಯಳೊಬ್ಬಳು ವಿಧಿವತ್ತಾಗಿ ದಾದಿಯ ತರಬೇತಿ ಪಡೆದದ್ದು 1891ರಲ್ಲಿ, ಆಕೆ ಬಾಯಿ ಕಾಶೀಬಾಯಿ ಗಣಪತ್ ಎಂದು ಈ ವೃತ್ತಿಯ ಚರಿತ್ರೆ ಬರೆದವರು ನಮೂದಿಸಿದ್ದಾರೆ. ಐದು ವರ್ಷಕ್ಕೆ, 1896ರಲ್ಲಿ, ಪ್ಲೇಗು ಬಂತು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ಪ್ಲೇಗಿನ ರೋಗಿಗಳ ಆರೈಕೆಗೆ ನಿಂತು 1897ರ ಮಾರ್ಚಿಯಲ್ಲಿ ಅದೇ ರೋಗಕ್ಕೆ ಬಲಿಯಾದರು. ಆಕೆ ಯಾವ ತರಬೇತಿಯನ್ನೂ ಪಡೆದ ದಾದಿಯಲ್ಲ. ಆದರೂ ಮುಟ್ಟಲು ಯಾರೂ ಮುಂದೆ ಬಾರದ ದೇಹವನ್ನು ಮುಟ್ಟುವುದೇ ಈ ಕೆಲಸದ ತಿರುಳು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಹಾಗಾದರೆ ಮುಟ್ಟಲು ಬಂದವರು ಯಾರು? ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು.

ನಮ್ಮ ಸಂಪ್ರದಾಯದ ಮನೆಗಳಲ್ಲಿ ಪರರ ಮಲಮೂತ್ರ, ರಕ್ತ, ಕೀವು ಮುಟ್ಟುವುದು ಮೈಲಿಗೆ. ರಾತ್ರಿ ಹೊತ್ತು ಹೆಣ್ಣುಮಗಳು ಮನೆಯ ಹೊರಗಿರುವುದು ಅದಕ್ಕಿಂತ ದೊಡ್ಡ ಮೈಲಿಗೆ. ಆದುದರಿಂದ ಮೊದಲ ಹಲವು ದಶಕ ಈ ಕೆಲಸಕ್ಕೆ ಬಂದವರು ಬಹುಪಾಲು ಕ್ರೈಸ್ತ ಹೆಣ್ಣುಮಕ್ಕಳು, ಆಂಗ್ಲೋ ಇಂಡಿಯನ್ನರು, ಮಿಷನ್ನಿನ ಅನಾಥಾಲಯಗಳಲ್ಲಿ ಬೆಳೆದವರು. ಹಿಂದೂ ಮನೆಗಳಿಂದ ಬಂದವರಲ್ಲಿ ಎದ್ದು ಕಾಣುವವರು ವಿಧವೆಯರು. ಮನೆ ಯಾರನ್ನು ಹೊರಗಿಟ್ಟಿತೋ ಅವರನ್ನು ಆಸ್ಪತ್ರೆ ಒಳಕ್ಕೆ ಕರೆಯಿತು.

1901ರಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ತೀರಿಕೊಂಡಾಗ ಅವರ ಹೆಂಡತಿ ರಮಾಬಾಯಿಯವರಿಗೆ ಇನ್ನೂ ನಲವತ್ತಾಗಿರಲಿಲ್ಲ. ಆ ವಯಸ್ಸಿನಲ್ಲಿ ಆಕೆಯ ಎರಡನೆಯ ಬದುಕು ಮೊದಲಾಯಿತು ಎನ್ನಬೇಕು. 1908ರಲ್ಲಿ ಬೆಹರಾಮಜಿ ಮಲಬಾರಿ ಮತ್ತು ದಯಾರಾಮ ಗಿದುಮಲ್ ಅವರು ಮುಂಬಯಿಯಲ್ಲಿ ಸೇವಾ ಸದನವನ್ನು ಕಟ್ಟಿದರು; 1909ರಲ್ಲಿ ಪುಣೆಯ ಸೇವಾ ಸದನ ರಮಾಬಾಯಿಯವರ ಮನೆಯಲ್ಲೇ ಆರಂಭವಾಯಿತು. ಭಾರತ ಸೇವಕ ಸಮಾಜದ ಗೋಪಾಲ ಕೃಷ್ಣ ದೇವಧರರು ಅದಕ್ಕೆ ಹೆಗಲು ಕೊಟ್ಟರು. ಮೊದಲು ಬೆಳೆದ ಹೆಂಗಸರಿಗೆ ಅಕ್ಷರ ಕಲಿಸುವ ತರಗತಿ. ಅಕ್ಷರ ಬಂದ ಮೇಲೆ ಹೊಟ್ಟೆಗೆ ದಾರಿಯಾಗುವ ಉದ್ಯೋಗ. ಶಿಕ್ಷಕಿಯ ಕೆಲಸಕ್ಕೆ ಸಮಾಜದ ತಕರಾರು ಅಷ್ಟಿರಲಿಲ್ಲ. ಸಾಸೂನ್ ಆಸ್ಪತ್ರೆಯ ವಾರ್ಡುಗಳಿಗೆ ಹಿಂದೂ ವಿಧವೆಯರನ್ನು ದಾದಿ ತರಬೇತಿಗೆ ಕಳುಹಿಸಲು ಹೊರಟದ್ದು ಮಾತ್ರ ಎದೆಗಾರಿಕೆಯ ಕೆಲಸ.

ಆ ಕಾಲದ ನಮ್ಮ ಕಡೆಯ ಮನೆಯೊಂದನ್ನು ಓದುಗರು ನೆನಪಿಗೆ ತಂದುಕೊಳ್ಳಲಿ. ಧಾರವಾಡವೋ ವಿಜಾಪುರವೋ ಮೈಸೂರೋ, ಎಲ್ಲಾದರೂ ಆಗಲಿ. ಕೆಂಪು ಸೀರೆ ಉಟ್ಟ ಅತ್ತೆಯೊಬ್ಬಳು, ಅಡಿಗೆಮನೆ ಹಿತ್ತಲು ಬಿಟ್ಟರೆ ಲೋಕವಿಲ್ಲದವಳು, ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಕಾಯಿಸುವವಳು, ಬಾಣಂತಿಗೆ ನೀರೆರೆಯುವವಳು, ಸಾಯುವವರ ಬಾಯಿಗೆ ನೀರು ಬಿಡುವವಳು. ದಾದಿಯ ಕೆಲಸವನ್ನೆಲ್ಲ ಆಕೆ ಮಾಡುತ್ತಲೇ ಇದ್ದಳು. ಸಂಬಳವಿರಲಿಲ್ಲ, ಹೆಸರಿರಲಿಲ್ಲ, ಅಷ್ಟೆ. ಅಂಥವಳ ಕೈಗೆ ಸರ್ಟಿಫಿಕೇಟು ಕೊಟ್ಟು, ತಿಂಗಳ ಕೊನೆಗೆ ಸ್ವಂತ ಹಣ ಎಣಿಸಿಕೊಳ್ಳುವಂತೆ ಮಾಡಿದ್ದು ಸೇವಾ ಸದನದಂಥ ಸಂಸ್ಥೆಗಳ ನಿಜವಾದ ಸಾಧನೆ. ವಿಧವಾ ವಿವಾಹದ ಬಗ್ಗೆ ನಮ್ಮಲ್ಲಿ ಎಷ್ಟೋ ಬರೆದಿದ್ದಾರೆ. ವಿಧವೆಯ ಪಗಾರದ ಬಗ್ಗೆ ಬರೆದವರು ಕಡಿಮೆ.

ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ ದಾರಿ ಹಾಕಿದವರು ಹೆಚ್ಚಾಗಿ ಮಿಷನ್ನಿನವರು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು; ಗದಗ ಬೆಟಗೇರಿಯಲ್ಲಿ ಬಾಸೆಲ್ ಮಿಷನ್, ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅವರು ಕೊಡತೊಡಗಿದ ಔಷಧಿಯಿಂದ ಬೆಳೆದ ದೊಡ್ಡ ಆಸ್ಪತ್ರೆ. ಉತ್ತರ ಕರ್ನಾಟಕದವರಿಗೆ ಮಿರಜವನ್ನು ಹೇಳದಿದ್ದರೆ ಕಥೆ ಮುಗಿಯುವುದಿಲ್ಲ. ಡಾಕ್ಟರ್ ವಾನ್ಲೆಸ್ ಅವರು 1894ರಲ್ಲಿ ತೆರೆದ ಆಸ್ಪತ್ರೆಗೆ ಬೆಳಗಾವಿ, ವಿಜಾಪುರದ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು. 'ಮಿರಜಕ್ಕ ಒಯ್ದರ ಉಳೀತಾನ' ಎಂಬ ಮಾತನ್ನು ನಮ್ಮ ಹಿರಿಯರ ಬಾಯಲ್ಲಿ ನಾವೇ ಕೇಳಿದ್ದೇವೆ. ಅಲ್ಲಿ ಆಸ್ಪತ್ರೆಯ ಜೊತೆಯಲ್ಲೇ ದಾದಿಯರ ಶಾಲೆಯೂ ಬೆಳೆಯಿತು. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಮುಂಬಯಿಯ ಆಸ್ಪತ್ರೆಗಳಿಗೆ ಬಂದ ಹೆಣ್ಣುಮಕ್ಕಳ ಸಾಲು ಎಷ್ಟು ದೊಡ್ಡದೆಂಬುದು ಪರೇಲಿನ ವಾರ್ಡುಗಳಲ್ಲಿ ಒಮ್ಮೆಯಾದರೂ ಮಲಗಿದವರಿಗೆ ಗೊತ್ತು. ಅರೆನಿದ್ದೆಯಲ್ಲಿ 'ನೀರು' ಎಂದರೆ ನೀರು ತಂದುಕೊಟ್ಟ ಸಿಸ್ಟರು ಎಷ್ಟೋ ಜನರಿಗೆ ಸಿಕ್ಕಿದ್ದಾರೆ!

ಈಗ ಮೂಲ ತೊಡಕಿಗೆ ಬರೋಣ. ಇಂಗ್ಲೆಂಡಿನಿಂದ ಬಂದ ತರಬೇತಿಯ ಪದ್ಧತಿಯಲ್ಲಿ ದಾದಿಯ ಶಾಲೆ ಆಸ್ಪತ್ರೆಯ ಒಳಗೇ ಇರುತ್ತಿತ್ತು. ಕಲಿಯುವ ಹುಡುಗಿ ವಾರ್ಡಿನಲ್ಲಿ ದುಡಿಯುತ್ತಲೇ ಕಲಿಯಬೇಕು. ಊಟ, ವಸತಿ, ಸಮವಸ್ತ್ರ, ಕೈಗಿಷ್ಟು ಸ್ಟೈಪೆಂಡು. ಬಡ ಮನೆಯ ಹುಡುಗಿಗೆ ಇದು ವರವೇ ಸರಿ. ಆಸ್ಪತ್ರೆಗೋ ಇದು ವರಕ್ಕಿಂತ ಹೆಚ್ಚು. ಮೂರು ವರ್ಷ ಅಗ್ಗದ ದುಡಿಮೆ ಸಿಕ್ಕಿತು. ಹುಡುಗಿ ಪಾಸಾಗಿ ಪೂರ್ತಿ ಸಂಬಳ ಕೇಳುವ ಹೊತ್ತಿಗೆ ಹೊಸ ತಂಡ ಬಂದು ವಾರ್ಡಿನಲ್ಲಿ ನಿಂತಿರುತ್ತದೆ. ಮೇಲ್ವಿಚಾರಣೆಗೆ ನಾಲ್ಕು ಜನ ಹಿರಿಯ ಸಿಸ್ಟರುಗಳಿದ್ದರೆ ಉಳಿದ ಕೆಲಸವೆಲ್ಲ ವಿದ್ಯಾರ್ಥಿನಿಯರ ಕೈಯಲ್ಲಿ ನಡೆದುಹೋಗುತ್ತದೆ. ಹೀಗಾಗಿ ಹೆಚ್ಚು ದಾದಿಯರನ್ನು ತಯಾರು ಮಾಡುವ ಆಸ್ಪತ್ರೆಯೇ ಕಡಿಮೆ ದಾದಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಆಸ್ಪತ್ರೆಯೂ ಆಗಬಹುದು. ಕೊರತೆ ಇರುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಹುದ್ದೆ ಇರುವುದು ಕಚೇರಿಯ ಕಾಗದದ ಮೇಲೆ. ಎರಡಕ್ಕೂ ನೇರ ನಂಟು ಎಂದೂ ಇರಲಿಲ್ಲ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಸರ್ ಜೋಸೆಫ್ ಭೋರ್ ಸಮಿತಿ ತನ್ನ ವರದಿ ಕೊಟ್ಟಾಗ ಲೆಕ್ಕ ಹೀಗಿತ್ತು: ಮೂವತ್ತು ಕೋಟಿ ಜನಕ್ಕೆ ಸುಮಾರು 7,000 ದಾದಿಯರು, ಅಂದರೆ 43,000 ಜನಕ್ಕೆ ಒಬ್ಬಳು. ಇಂಗ್ಲೆಂಡಿನಲ್ಲಿ ಅದೇ ಹೊತ್ತಿಗೆ 300 ಜನಕ್ಕೆ ಒಬ್ಬಳು. ಇನ್ನೂ ಸೋಜಿಗವೆಂದರೆ ನಮ್ಮಲ್ಲಿ ವೈದ್ಯರು 47,000ಕ್ಕೂ ಹೆಚ್ಚಿದ್ದರು. ಒಬ್ಬ ದಾದಿಗೆ ಆರೇಳು ವೈದ್ಯರು! ಔಷಧಿ ಬರೆದುಕೊಡುವವರು ಇದ್ದರು, ಅದನ್ನು ಹೊತ್ತಿಗೆ ಸರಿಯಾಗಿ ಕುಡಿಸುವವರಿರಲಿಲ್ಲ. ಅದೇ ವರ್ಷ ದೆಹಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ತರಗತಿಗಳು ಆರಂಭವಾದವು. 1947ರ ಕಾಯಿದೆಯಿಂದ ಭಾರತೀಯ ನರ್ಸಿಂಗ್ ಕೌನ್ಸಿಲ್ ಬಂತು.

ಮುಂದಿನ ಹೆಜ್ಜೆಯಲ್ಲಿ ನಮ್ಮವರೊಬ್ಬರು ಕಾಣಿಸಿಕೊಳ್ಳುತ್ತಾರೆ. ದಾದಿಯರ ಸೇವಾ ಸ್ಥಿತಿ, ಸಂಬಳಗಳನ್ನು ಪರಿಶೀಲಿಸಲು 1954ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ಅಂದಿನ ಮದರಾಸು ಸರಕಾರದ ಆರೋಗ್ಯ ಸಚಿವ ಎ. ಬಿ. ಶೆಟ್ಟಿಯವರು. 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದ ಅತ್ತಾವರ ಬಾಲಕೃಷ್ಣ ಶೆಟ್ಟಿಯವರೇ ಇವರು. 2019ರಲ್ಲಿ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾದಾಗ ನಮ್ಮ ಬಳಗದಲ್ಲಿ ಕಣ್ಣೀರು ಹಾಕಿದವರಿದ್ದರು. ದಾದಿಯರಿಗಾಗಿ ಅದೇ ಶೆಟ್ಟಿಯವರು ಮಾಡಿದ ಕೆಲಸ ಎಷ್ಟು ಜನಕ್ಕೆ ಗೊತ್ತು? ತರಬೇತಿಯ ಸ್ಥಿತಿ ಸುಧಾರಿಸಬೇಕು, ಪ್ರವೇಶದ ಅರ್ಹತೆ ಕೌನ್ಸಿಲ್ಲಿನ ನಿಯಮಕ್ಕೆ ತಕ್ಕಂತಿರಬೇಕು ಎಂದು ಆ ಸಮಿತಿ ಹೇಳಿತು. ಮೂವತ್ತಮೂರು ವರ್ಷದ ನಂತರ, 1987ರಲ್ಲಿ, ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಉನ್ನತ ಸಮಿತಿ ಕುಳಿತು ಮತ್ತೆ ದುಡಿಮೆಯ ಹೊತ್ತು, ವಸತಿ, ಸಂಬಳ, ಬಡ್ತಿಗಳ ಬಗ್ಗೆಯೇ ಬರೆಯಬೇಕಾಯಿತು. ಮೊದಲಿನ ಸಮಿತಿಯ ಮಾತು ಎಷ್ಟು ಜಾರಿಗೆ ಬಂದಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಸೇವಾ ಸ್ಥಿತಿ ಎಂಬ ಒಣ ಶಬ್ದದ ಹಿಂದೆ ಏನಿದೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆಯಿದೆ. ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬಯಿಗೆ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರಿಗೆ 1973ರ ನವೆಂಬರಿನಲ್ಲಿ ಇಪ್ಪತ್ತೈದು ವರ್ಷ. ಪಾಳಿ ಮುಗಿಸಿ ಬಟ್ಟೆ ಬದಲಾಯಿಸಲು ನೆಲಮಾಳಿಗೆಗೆ ಹೋದಾಗ ಅಲ್ಲಿನ ಕೆಲಸಗಾರನೊಬ್ಬ ನಡೆಸಿದ ಅತ್ಯಾಚಾರ, ಹಲ್ಲೆಯಿಂದ ಆಕೆಯ ಮೆದುಳು ಘಾಸಿಗೊಂಡಿತು. ಆ ಮೇಲೆ ಆಕೆ 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಸುರಕ್ಷಿತ ಕೆಲಸದ ಸ್ಥಿತಿ ಬೇಕೆಂದು ಅಂದು ನಗರದ ದಾದಿಯರು ಮುಷ್ಕರ ಹೂಡಿದರು. ಎಂಬತ್ತರ ದಶಕದಲ್ಲಿ ಆಕೆಯನ್ನು ಬೇರೆಡೆಗೆ ಸಾಗಿಸುವ ಮಾತು ಬಂದಾಗ ಸಿಸ್ಟರುಗಳು ಬಿಡಲಿಲ್ಲ. 2011ರ ಮಾರ್ಚಿಯಲ್ಲಿ ದಯಾಮರಣದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋದಾಗಲೂ ಆಕೆಯ ಪರ ಮಾತನಾಡುವ ಹಕ್ಕು ನೋಡಿಕೊಂಡ ಆಸ್ಪತ್ರೆಯ ಬಳಗಕ್ಕೇ ಉಂಟೆಂದು ನ್ಯಾಯಾಲಯ ಒಪ್ಪಿತು. 2015ರ ಮೇ 18ರಂದು ಆಕೆ ತೀರಿಕೊಂಡರು. ಅಷ್ಟರಲ್ಲಿ ಆಕೆಯನ್ನು ಆರೈಕೆ ಮಾಡಿದ ದಾದಿಯರಲ್ಲಿ ಎಷ್ಟೋ ಮಂದಿ 1973ರಲ್ಲಿ ಹುಟ್ಟಿಯೇ ಇರಲಿಲ್ಲ. ದಾದಿಯರಿಗೆ ಬಟ್ಟೆ ಬದಲಾಯಿಸಲು ಒಂದು ಭದ್ರವಾದ ಕೋಣೆ ಬೇಕೆಂಬುದು ಎಷ್ಟು ಸಣ್ಣ ಬೇಡಿಕೆ!

1990ರ ನಂತರ ಚಿತ್ರ ಬದಲಾಯಿತು. ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಕಾಲೇಜುಗಳು ಮಳೆಗಾಲದ ಅಣಬೆಯಂತೆ ಎದ್ದವು. ದೇಶದಲ್ಲಿ ಅತಿ ಹೆಚ್ಚು ಇಂಥ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದು ಮುಂಚೂಣಿಯದು; ಕೇರಳದಿಂದ, ಆಮೇಲೆ ಬಂಗಾಳ ಮತ್ತು ಈಶಾನ್ಯದಿಂದ, ಹುಡುಗಿಯರು ಬೆಂಗಳೂರಿಗೆ ಬಂದು ತುಂಬಿದರು. ಹಿಂದೆ ಕಲಿಯುವವಳಿಗೆ ಆಸ್ಪತ್ರೆ ಕಾಸು ಕೊಡುತ್ತಿತ್ತು. ಈಗ ಕಲಿಯುವವಳೇ ಲಕ್ಷಗಟ್ಟಲೆ ಕೊಡಬೇಕು, ಅದೂ ಬ್ಯಾಂಕಿನ ಸಾಲ ತೆಗೆದು. ಕಾಲೇಜಿಗೆ ಸ್ವಂತ ಆಸ್ಪತ್ರೆ ಇಲ್ಲದಿದ್ದರೆ ಕಲಿಕೆ ಬೊಂಬೆಯ ಮೇಲೆ ಮುಗಿಯುತ್ತದೆ. ಪಾಸಾದ ಮೇಲೆ ಖಾಸಗಿ ಆಸ್ಪತ್ರೆ ಬಾಂಡು ಬರೆಸಿಕೊಂಡು ಮೂಲ ಸರ್ಟಿಫಿಕೇಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತದೆ. ಇದರ ವಿರುದ್ಧ 2011 ಮತ್ತು 2012ರಲ್ಲಿ ಮುಂಬಯಿ, ದೆಹಲಿ, ಕೇರಳಗಳಲ್ಲಿ ದಾದಿಯರು ಬೀದಿಗಿಳಿದರು. ಬಾಂಡಿನ ಪದ್ಧತಿ ಶೋಷಣೆಯೆಂದು ಕೌನ್ಸಿಲ್ಲೇ ಸುತ್ತೋಲೆ ಹೊರಡಿಸಿತು. ದಾದಿಯರ ಸಂಘ ಹೂಡಿದ ಮೊಕದ್ದಮೆಯಲ್ಲಿ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶದಂತೆ ಕೇಂದ್ರದ ಸಮಿತಿ ಸಂಬಳದ ಮಟ್ಟ ಸೂಚಿಸಿತು: 200ಕ್ಕೂ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸರಕಾರಿ ದಾದಿಯ ಸಮಾನ, 50ಕ್ಕಿಂತ ಕಡಿಮೆ ಹಾಸಿಗೆಯದರಲ್ಲೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಸೂಚಿಸಿದ್ದು ಕೇಂದ್ರ, ಜಾರಿ ಮಾಡಬೇಕಾದದ್ದು ರಾಜ್ಯಗಳು. ನಡುವೆ ಬಹಳಷ್ಟು ಸೋರಿಹೋಗಿದೆ.

ಲೆಕ್ಕದ ಪುಸ್ತಕವನ್ನೂ ನೋಡಿಬಿಡೋಣ. 2022ರ ಸುಮಾರಿಗೆ ದೇಶದಲ್ಲಿ ನೋಂದಾಯಿತರಾದ ದಾದಿಯರ ಸಂಖ್ಯೆ 33 ಲಕ್ಷ ದಾಟಿದೆ ಎಂದು ಸರಕಾರ ಹೇಳಿತು. 140 ಕೋಟಿ ಜನಕ್ಕೆ ಹಂಚಿದರೆ 420 ಜನಕ್ಕೊಬ್ಬರು. 43,000ದಿಂದ 420ಕ್ಕೆ ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಆ ಪಟ್ಟಿಯಲ್ಲಿ ಕೊಲ್ಲಿ ರಾಷ್ಟ್ರಗಳಿಗೆ, ಇಂಗ್ಲೆಂಡಿಗೆ ಹೋದವರಿದ್ದಾರೆ, ಮದುವೆಯಾಗಿ ಕೆಲಸ ಬಿಟ್ಟವರಿದ್ದಾರೆ, ನಿವೃತ್ತರಿದ್ದಾರೆ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೊಬ್ಬ ದಾದಿ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂವರಿಗೊಬ್ಬಳು ಎಂಬುದು ಕೌನ್ಸಿಲ್ಲಿನ ಮಾನದಂಡ. ಸರಕಾರಿ ಆಸ್ಪತ್ರೆಯ ರಾತ್ರಿ ಪಾಳಿಯನ್ನು ಕಂಡವರು ಆ ಅಂಕಿಯನ್ನು ನೆನೆದು ನಕ್ಕಾರು. ಹೊಸದಾಗಿ ಪಾಸಾದವಳಿಗೆ ಕೆಲಸ ಹುಟ್ಟುವುದು ಈ ಮಾನದಂಡಕ್ಕೆ ತಕ್ಕಷ್ಟು ಹುದ್ದೆಗಳು ಮಂಜೂರಾದ ದಿನ. 2023ರ ಮುಂಗಡಪತ್ರದಲ್ಲಿ 157 ಹೊಸ ಸರಕಾರಿ ನರ್ಸಿಂಗ್ ಕಾಲೇಜುಗಳ ಘೋಷಣೆಯಾಯಿತು. ಕಾಲೇಜು ಬಂದರೆ ದಾದಿಯರು ಬರುತ್ತಾರೆ. ಹುದ್ದೆ ಬರಲು ಬೇರೆ ಕಡತ ಬೇಕು.

ಹೀಗಿದ್ದೂ ಮಗಳನ್ನು ಕಳುಹಿಸಬೇಡಿರೆಂದು ನಾವು ಹೇಳುವುದಿಲ್ಲ. ಸರಿಯಾದ ಕಾಲೇಜು ಆರಿಸಿದವಳಿಗೆ ದಾರಿಯಿದೆ. 2020ರಿಂದ ಏಮ್ಸ್ ಆಸ್ಪತ್ರೆಗಳ ನೇಮಕಕ್ಕೆ ದೇಶದಾದ್ಯಂತ ಒಂದೇ ಅರ್ಹತಾ ಪರೀಕ್ಷೆ ನಡೆಯುತ್ತಿದೆ, ಅಲ್ಲಿ ಶಿಫಾರಸ್ಸಿನ ಮಾತಿಲ್ಲ. ಸೇರಿಸುವ ಮುಂಚೆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಎಷ್ಟು ಹಾಸಿಗೆ, ಕೌನ್ಸಿಲ್ಲಿನ ಮಾನ್ಯತೆ ಇದೆಯೇ ಎಂದು ಖುದ್ದಾಗಿ ಹೋಗಿ ನೋಡಬೇಕು. 2017ರಲ್ಲಿ ಕರ್ನಾಟಕದ ಕಾಲೇಜುಗಳಿಗೆ ಕೇಂದ್ರ ಕೌನ್ಸಿಲ್ಲಿನ ಮಾನ್ಯತೆ ಬೇಕೇ ಬೇಡವೇ ಎಂಬ ವಿವಾದ ಹೈಕೋರ್ಟಿಗೆ ಹೋದಾಗ ಹೊರರಾಜ್ಯದ ವಿದ್ಯಾರ್ಥಿನಿಯರು ಪಟ್ಟ ಪಾಡನ್ನು ಮರೆಯುವಂತಿಲ್ಲ. ನಮ್ಮಂಥ ಹೊರನಾಡಿಗರಿಗೆ ಇನ್ನೊಂದು ಮಾತು. ದಾದಿಯರ ನೋಂದಣಿ ಮೊದಲಿನಿಂದಲೂ ಪ್ರಾಂತದ ಕೈಯಲ್ಲಿದೆ: ಮದರಾಸಿನಲ್ಲಿ 1926ರ ಕಾಯಿದೆ, ಮುಂಬಯಿಯಲ್ಲಿ 1935ರದು, ಕರ್ನಾಟಕದಲ್ಲಿ 1961ರದು, ಮಹಾರಾಷ್ಟ್ರದಲ್ಲಿ 1966ರದು. ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಕಲಿತ ಹುಡುಗಿ ಡೊಂಬಿವಲಿಗೆ ಬಂದು ಕೆಲಸಕ್ಕೆ ಸೇರಬೇಕಾದರೆ ಇಲ್ಲಿಯ ಕೌನ್ಸಿಲ್ಲಿನಲ್ಲಿ ಮತ್ತೆ ಹೆಸರು ಬರೆಸಬೇಕು. ಅದಕ್ಕೆ ತಿಂಗಳುಗಳು ಹಿಡಿದಾವು. ಮೊದಲೇ ಅರ್ಜಿ ಹಾಕಿಕೊಳ್ಳುವುದು ಜಾಣತನ.

ಇನ್ನು ದನಿ ತಗ್ಗಿಸಿ ಕೇಳಿದವರ ಪ್ರಶ್ನೆ. ಸೇವಾ ಸದನದ ಕಾಲಕ್ಕೆ ಬಾಗಿಲು ತೆರೆದಿದ್ದ ನಡುವಯಸ್ಸಿನ ಹೆಂಗಸಿಗೆ ಸ್ವತಂತ್ರ ಭಾರತವೂ ಸ್ವಲ್ಪ ಕಾಲ ದಾರಿ ಬಿಟ್ಟಿತ್ತು. ದುರ್ಗಾಬಾಯಿ ದೇಶಮುಖರು ಮದರಾಸಿನಲ್ಲಿ ಕಟ್ಟಿದ ಆಂಧ್ರ ಮಹಿಳಾ ಸಭೆ ಶಾಲೆ ಬಿಟ್ಟ ಹೆಂಗಸರನ್ನು ಪರೀಕ್ಷೆಗೆ ಕೂರಿಸಿ ದಾದಿ ತರಬೇತಿಗೂ ಅಣಿಮಾಡುತ್ತಿತ್ತು. ಆಕೆಯೇ 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. 1958ರಲ್ಲಿ ಮಂಡಳಿ ವಯಸ್ಕ ಹೆಂಗಸರಿಗಾಗಿ ಸಂಕ್ಷಿಪ್ತ ಶಿಕ್ಷಣದ ಯೋಜನೆ ತಂದಿತು. ಎರಡು ವರ್ಷದಲ್ಲಿ ಮಿಡಲ್ ಸ್ಕೂಲು ಅಥವಾ ಮೆಟ್ರಿಕ್ ಮುಗಿಸಿದವರು ಗ್ರಾಮಸೇವಿಕೆಯರಾಗಿ, ಶಿಕ್ಷಕಿಯರಾಗಿ, ದಾದಿಯರಾಗಿ ಹೊರಟರು. ಆ ಯೋಜನೆಯ ನೆನಪು ಈಗ ಮಸುಕಾಗಿದೆ. ಜನರಲ್ ನರ್ಸಿಂಗಿಗೆ ಪ್ರವೇಶದ ಮೇಲಿನ ಮಿತಿ 35. ಏಮ್ಸ್ ಹುದ್ದೆಗೆ ಸಾಮಾನ್ಯ ವರ್ಗದವರಿಗೆ 30. ಈಗಾಗಲೇ ಎ.ಎನ್.ಎಂ. ಆಗಿರುವವರಿಗೆ ಮಾತ್ರ ಜನರಲ್ ನರ್ಸಿಂಗ್ ಸೇರಲು ವಯಸ್ಸಿನ ತಡೆಯಿಲ್ಲ. ಆದರೆ ಎ.ಎನ್.ಎಂ. ತರಗತಿಗೇ 35ರ ಮಿತಿ ಇರುವುದರಿಂದ ಈ ಕಿಟಕಿಯೂ ತಡವಾಗಿ ಬಂದವರಿಗೆ ಸಿಗುವುದಿಲ್ಲ. ಮೂವತ್ತಮೂರು ಮೂವತ್ತನಾಲ್ಕರ ತಂಗಿಯರು ಈ ವರ್ಷವೇ ನಿರ್ಧರಿಸಬೇಕು.

ನಲವತ್ತರವರಿಗೆ ಉಳಿದಿರುವುದೇನು? 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾಗಿ ಎರಡೂವರೆ ಲಕ್ಷ ಕಾರ್ಮಿಕರ ಬದುಕು ಅಲ್ಲಾಡಿದಾಗ ಲಾಲ್‌ಬಾಗ್ ಪರೇಲಿನ ಚಾಳುಗಳ ಹೆಂಗಸರು ಎಲ್ಲೆಲ್ಲಿಯೋ ಕೆಲಸ ಹುಡುಕಿಕೊಂಡು ಹೊರಟರು. ಅಡಿಗೆಗೆ ಹೋದವರುಂಟು, ಹಪ್ಪಳ ಲಟ್ಟಿಸಿದವರುಂಟು, ಆಸ್ಪತ್ರೆಯಲ್ಲಿ ಮಾವಶಿಯಾಗಿ ಸೇರಿದವರೂ ಉಂಟು. ಆ ದಾರಿಯೇ ಇಂದು ಬ್ಯೂರೋಗಳ ದಾರಿಯಾಗಿದೆ. ಮಕ್ಕಳು ಅಮೆರಿಕದಲ್ಲಿ, ಹಾಸಿಗೆ ಹಿಡಿದ ತಂದೆತಾಯಿ ಮಾಟುಂಗದಲ್ಲೋ ಮುಲುಂಡಿನಲ್ಲೋ. ಅವರ ಬಳಿ ಹನ್ನೆರಡು ತಾಸಿನ ಪಾಳಿಗೆ ಬ್ಯೂರೋ ಕಳುಹಿಸುವ ಹೆಂಗಸಿಗೆ ಬೇಡಿಕೆ ಏರುತ್ತಲೇ ಇದೆ. ಕೆಲವು ತಿಂಗಳ ಮನೆ ಆರೈಕೆಯ ತರಬೇತಿಗಳು ಸರಕಾರದ ಕೌಶಲ ಯೋಜನೆಗಳಲ್ಲಿ ಸಿಗುತ್ತವೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದವರಿಗೂ ಅವು ಎಟಕುತ್ತವೆ. ರೋಗಿಯನ್ನು ಮಗ್ಗುಲು ಬದಲಾಯಿಸುವುದು, ಹಾಸಿಗೆ ಹುಣ್ಣು ಆಗದಂತೆ ನೋಡುವುದು, ನಳಿಗೆಯಿಂದ ಉಣಿಸುವುದು, ಸಕ್ಕರೆ ಅಳೆಯುವುದು ಇವನ್ನು ಕಲಿತವಳಿಗೂ ಕಲಿಯದವಳಿಗೂ ಪಗಾರದಲ್ಲಿ ವ್ಯತ್ಯಾಸ ಬರುತ್ತದೆ. ಬ್ಯೂರೋ ತನ್ನ ದಲಾಲಿ ಎಷ್ಟು ಹಿಡಿಯುತ್ತದೆ, ವಾರದ ರಜೆ ಇದೆಯೇ, ಕೈಗೆ ಬರುವುದೆಷ್ಟು ಎಂಬುದನ್ನು ಬರೆಸಿಕೊಂಡೇ ಸೇರಬೇಕು.

ಹಾಸಿಗೆಯಲ್ಲಿದ್ದ ಅಜ್ಜ ಆಕೆಯನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಕಾನೂನಿನ ಕಣ್ಣಿಗೆ ಆಕೆ ಸಿಸ್ಟರ್ ಅಲ್ಲ. 2023ರಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ನರ್ಸಿಂಗ್ ಆಯೋಗದ ಕಾಯಿದೆ ದೇಶದ ದಾದಿಯರಿಗೆಲ್ಲ ಒಂದೇ ರಾಷ್ಟ್ರೀಯ ದಫ್ತರು ಇಡಲು ಹೇಳುತ್ತದೆ. ಬ್ಯೂರೋದ ಹೆಂಗಸಿನ ಹೆಸರು ಅದರಲ್ಲಿ ಬರೆಯಲು ಜಾಗವಿಲ್ಲ.